ಹಂದಿ ಕಾಯಲು ಮರ ಹತ್ತುವುದು: 58ರ ಮೊಣಕಾಲಿಗೆ ಏನು ದಾರಿ?

ಹಲಸಿನಡಿ
ನಮಸ್ಕಾರ. ಒಂದು ಪ್ರಶ್ನೆ ಉಂಟು. ನಗಬೇಡಿ.

ನನಗೆ ಈಗ 58. ಕಾಸರಗೋಡಿನ ಪೆರ್ಲದಿಂದ ಒಳಗೆ ಮೂರೂವರೆ ಎಕರೆ ತೋಟ. ಅಪ್ಪನ ಜೋಡುನಳಿಗೆ ಕೋವಿ, ಲೈಸನ್ಸ್ ಈಗ ನನ್ನ ಹೆಸರಿನಲ್ಲಿದೆ. 2022ರ ಮೇಯಲ್ಲಿ ಬೆಳೆ ಹಾಳುಮಾಡುವ ಕಾಡುಹಂದಿ ಹೊಡೆಯಲು ಒಪ್ಪಿಗೆ ಕೊಡುವ ಅಧಿಕಾರವನ್ನು ಕೇರಳ ಸರಕಾರ ಪಂಚಾಯತಿಗೆ ಕೊಟ್ಟಿತಲ್ಲ, ಆಮೇಲೆ ನಮ್ಮ ಪಂಚಾಯತಿನ ಪಟ್ಟಿಯಲ್ಲಿ ನನ್ನ ಹೆಸರೂ ಸೇರಿತು. ಇದು ಕಾನೂನಿಗೆ ವಿರುದ್ಧ ಎಂದು ಬರೆಯಲು ಹೊರಟವರು ಮೊದಲು ಇಷ್ಟು ಓದಿಕೊಳ್ಳಿ.

ಸಮಸ್ಯೆ ಹಂದಿಯದ್ದಲ್ಲ, ಮರದ್ದು. ತೋಟದ ಮೇಲ್ಬದಿ, ಗುಡ್ಡೆ ಶುರುವಾಗುವಲ್ಲಿ ಒಂದು ಹಲಸಿನ ಮರ ಉಂಟು. ಇಬ್ಬರು ತಬ್ಬಿದರೂ ಕೈಗೆ ಕೈ ಸಿಗದ ಬುಡ. ಸುಮಾರು 22 ಅಡಿ ಎತ್ತರದ ಕವಲಿನಲ್ಲಿ ಹಲಗೆ ಕಟ್ಟಿದ್ದೇನೆ. ಅಷ್ಟು ದಪ್ಪದ ಮರಕ್ಕೆ ತಳೆ (ಹತ್ತುವಾಗ ಎರಡು ಪಾದಕ್ಕೂ ಹಾಕುವ ಹಗ್ಗದ ಬಳೆ) ಹಾಕಲು ಆಗುವುದಿಲ್ಲ. ಆದ್ದರಿಂದ ಪಕ್ಕದ ಅಡಿಕೆ ಮರಕ್ಕೆ ತಳೆ ಹಾಕಿ ಹತ್ತುವುದು, ಅಲ್ಲಿಂದ ಕಾಲು ಚಾಚಿ ಹಲಸಿನ ಕವಲಿಗೆ ದಾಟುವುದು. ಪ್ರಾಯದಲ್ಲಿ ಡಬ್ಬಿ ಬಡಿದು ಹಂದಿ ಓಡಿಸಲು ಕೂರುತ್ತಿದ್ದಾಗಿಂದಲೂ ಇದೇ ಕ್ರಮ. ಒಂದು ದಿನವೂ ಯೋಚನೆ ಮಾಡಿದವನಲ್ಲ.

ಕಳೆದ ತಿಂಗಳು ಬಲಗಾಲು ಕವಲಿಗೆ ಇಟ್ಟೆ. ಎಡಗಾಲು ಇನ್ನೂ ಅಡಿಕೆ ಮರದಲ್ಲೇ. ಭಾರ ಆಚೆ ಹಾಕಿದ ಕೂಡಲೇ ಅಡಿಕೆ ಮರ ಈಚೆ ಸರಿಯಿತು. ಅದು ಯಾವಾಗಲೂ ಸರಿಯುವುದೇ, ಮೊದಲು ಅಷ್ಟರಲ್ಲಿ ನಾನು ಆಚೆ ಇರುತ್ತಿದ್ದೆ. ಈ ಸಲ ಮೊಣಕಾಲು ಎತ್ತಲಿಲ್ಲ. ಎರಡು ಮರದ ನಡುವೆ ಕವೆಗೋಲಿನ ಹಾಗೆ ನಿಂತೆ. ಕನ್ನಡಕ ಕೆಳಗೆ ಬಿತ್ತು. ತರಗೆಲೆಯ ಮೇಲೆ ಬಿದ್ದ ಶಬ್ದ ಕೇಳಿತು, ಬಹಳ ಹೊತ್ತಿನ ಮೇಲೆ ಕೇಳಿದ ಹಾಗೆ ಆಯಿತು. ಹೇಗೋ ಕೊಂಬೆ ತಬ್ಬಿ ಮೇಲೆ ಹೋದೆ. ಇಳಿಯಲು ಧೈರ್ಯ ಬರಲಿಲ್ಲ. ಬೆಳಿಗ್ಗೆ ಸೊಪ್ಪಿಗೆ ಬಂದ ಕೆಲಸದಾಳು ಏಣಿ ತರುವವರೆಗೆ ಅಲ್ಲೇ ಕೂತಿದ್ದೆ. ಮನೆಯಲ್ಲಿ 'ಹಂದಿ ಬರುತ್ತದೋ ನೋಡುತ್ತಿದ್ದೆ' ಎಂದು ಹೇಳಿದ್ದೇನೆ.

ಬಿಡಲು ಮನಸ್ಸಿಲ್ಲ. ಬಾಳೆ, ಮರಗೆಣಸು ಒಂದೂ ಉಳಿಯುವುದಿಲ್ಲ. ಪ್ರಾಯ ಆದವರು ಹತ್ತುವ ಕ್ರಮ ಹೇಗೆ ಬದಲಿಸಿದ್ದೀರಿ? ಅಷ್ಟು ಹೇಳಿ.

ಬಾಯಾರು ಭಾವ
ಕೋವಿ ಎಲ್ಲಿತ್ತು? ಅದನ್ನು ಬರೆಯಲೇ ಇಲ್ಲ.

ಹಲಸಿನಡಿ
ಹೆಗಲಲ್ಲಿ. ತೋಟೆ (ಕಾಡತೂಸು) ಹಾಕಿರಲಿಲ್ಲ.

ಹಾಕಿರಲಿಲ್ಲ ಎಂದೇ ನೆನಪು.

ಬಾಯಾರು ಭಾವ
ಎಂಥ ಮಾರಾಯ್ರೆ ನೀವು! ಮೊಣಕಾಲಿನ ಪ್ರಶ್ನೆ ಆಮೇಲೆ. ಕೋವಿ ಹೆಗಲಿಗೆ ಹಾಕಿ ಮರ ಹತ್ತುವುದು 20 ವರ್ಷದವನಿಗೂ ಸರಿಯಲ್ಲ. ನಳಿಗೆ ಮಡಚಿ, ತೋಟೆ ಇಲ್ಲ ಎಂದು ಬೆರಳು ಹಾಕಿ ನೋಡಿ, ಕೆಳಗೆ ಇಟ್ಟು ಬನ್ನಿ. ಮೇಲೆ ಕೂತು, ಬೆಲ್ಟ್ ಬಿಗಿದ ಮೇಲೆ ಹಗ್ಗದಲ್ಲಿ ಎಳೆದುಕೊಳ್ಳಿ, ನಳಿಗೆಯ ಬಾಯಿ ಕೆಳಗೆ ಇರಲಿ. ಇಳಿಯುವಾಗ ಮೊದಲು ತೋಟೆ ತೆಗೆಯುವುದು, ಆಮೇಲೆ ಕೋವಿ ಇಳಿಸುವುದು, ಕೊನೆಗೆ ನೀವು. ಹಗ್ಗ ಇಳಿದ ಜಾಗದಲ್ಲೇ ನೀವು ಇಳಿಯಬೇಡಿ.

ನನ್ನ ಮಾವ ಕೇಪಿನ ಕೋವಿಯವರು, ನಳಿಗೆಯ ಬಾಯಿಯಿಂದ ಮದ್ದು ತುಂಬುವ ಹಳೆಯ ಕ್ರಮದ್ದು. ಅದರಲ್ಲಿ ಮದ್ದು ಗುಂಡು ತುಂಬಿದ ಮೇಲೆ ಮಡಚಿ ತೆಗೆಯುವ ಮಾತೇ ಇಲ್ಲ. ಅವರು ಕೇಪು ಅಂಗಿಯ ಕಿಸೆಯಲ್ಲಿಟ್ಟು ಹತ್ತುತ್ತಿದ್ದರು, ಮೇಲೆ ಕೂತ ಮೇಲೆಯೇ ಹಚ್ಚುವುದು. ಆ ಕಾಲದವರಿಗೇ ಇಷ್ಟು ಗೊತ್ತಿತ್ತು.

ಹಲಸಿನಡಿ
ಒಪ್ಪಿದೆ. ತಪ್ಪು ನನ್ನದೇ.

ಮುಟ್ಟಾಳೆ
ನಾನು ಕೋವಿಯವನಲ್ಲ, ಅಡಿಕೆ ಕೊಯ್ಯುವವನು. 34 ವರ್ಷ ಆಯಿತು. ಈಗ 52. ಬದಿಯಡ್ಕ, ನೀರ್ಚಾಲು, ಮುಳ್ಳೇರಿಯದ ಕಡೆ ನಾನು ಹತ್ತದ ತೋಟ ಕಡಿಮೆ. ಒಂದು ಕಾಲದಲ್ಲಿ ಮರದ ತುದಿಯಲ್ಲೇ ತೂಗಿ ಮುಂದಿನ ಮರದ ಸೋಗೆ ಹಿಡಿದು ದಾಟುತ್ತಿದ್ದೆ. ಹತ್ತು ಮರ ಆದ ಮೇಲೆ ಒಂದು ಸಲ ಇಳಿದರೆ ಇಳಿದೆ.

45ರ ನಂತರ ದಾಟುವುದನ್ನು ಪೂರ್ತಿ ನಿಲ್ಲಿಸಿದೆ. ಕಾರಣ ಹೇಳುತ್ತೇನೆ, ಸರಿಯಾಗಿ ಕೇಳಿ. ಹತ್ತುವ ಬಲ ಬೇಗ ಹೋಗುವುದಿಲ್ಲ. ನನ್ನ ಕೈ ಇವತ್ತಿಗೂ ಗಟ್ಟಿ ಉಂಟು. ಮೊದಲು ಹೋಗುವುದು ಅಂದಾಜು. ಮರ ಎಷ್ಟು ಬಾಗುತ್ತದೆ, ಯಾವಾಗ ವಾಪಸ್ ಬರುತ್ತದೆ ಎಂಬ ಲೆಕ್ಕ ಕಾಲಿಗೆ ಗೊತ್ತಿತ್ತು, ತಲೆಗೆ ಗೊತ್ತಿರಲಿಲ್ಲ. ಕಾಲು ಮರೆತ ದಿನ ತಲೆ ಕೆಲಸಕ್ಕೆ ಬರುವುದಿಲ್ಲ. ನಿಮಗೆ ಆದದ್ದು ಅದೇ. ಮೊಣಕಾಲಿಗೆ ಎಣ್ಣೆ ತಿಕ್ಕಿದರೆ ಸರಿಯಾಗುವ ವಿಷಯ ಅಲ್ಲ ಇದು.

ಬದಲಿಸಿದ್ದು ಏನು ಎಂದರೆ: ತಳೆಗೆ ಮೊದಲು ತೆಂಗಿನ ನಾರಿನ ಹಗ್ಗವೇ, ಈಗ ಅಗಲದ ಪಟ್ಟಿ. ಪಾದದ ಕಮಾನಿಗೆ ನೋವು ಕಡಿಮೆ. ಬೆಳಿಗ್ಗೆ ಇಬ್ಬನಿ ಆರುವವರೆಗೆ ಹತ್ತುವುದಿಲ್ಲ. ಮಧ್ಯಾಹ್ನ ಊಟದ ಮೇಲೆ ಹತ್ತುವುದಿಲ್ಲ. ಒಂದು ಮರ ಇಳಿದ ಮೇಲೆ ನೆಲದಲ್ಲಿ ನಿಂತು ಹತ್ತು ಉಸಿರು. ಧಣಿಗಳು ಗಡಿಯಾರ ನೋಡಿದರೆ ನೋಡಲಿ. ಎತ್ತರದ ಮರಕ್ಕೆ ಈಗ ದೋಟಿ (ತುದಿಗೆ ಕತ್ತಿ ಇರುವ ಉದ್ದ ಕೋಲು), ನೆಲದಿಂದಲೇ. ನನ್ನ ಮಗ ದೋಟಿಯಲ್ಲಿ ಮಾತ್ರ ಕೊಯ್ಯುತ್ತಾನೆ. ತಳೆ ಕಟ್ಟಲೂ ಅವನಿಗೆ ಬರುವುದಿಲ್ಲ. ಒಮ್ಮೊಮ್ಮೆ ಬೇಸರ ಆಗುತ್ತದೆ, ಒಮ್ಮೊಮ್ಮೆ ಸಮಾಧಾನ.

ಕುಂಬಳೆ ಮೇಷ್ಟ್ರು
ಮುಟ್ಟಾಳೆಯವರ ಬರಹ ಓದಿ ಖುಷಿಯಾಯಿತು. ಯಕ್ಷಗಾನದಲ್ಲೂ ಹೀಗೇ ಅಲ್ವಾ? ಪ್ರಾಯದ ಹನುಮಂತ ಧಿಗಿಣ (ಸುತ್ತುತ್ತ ಹಾರುವ ಕುಣಿತ) ಹಾಕಿ ಸಮುದ್ರ ದಾಟುತ್ತಾನೆ. ಅದೇ ವೇಷಧಾರಿಗೆ 60 ಆದ ಮೇಲೆ ರಥದ ಮೇಲೆ ಕೂತು ಮಾತಿನಲ್ಲೇ ದಾಟುತ್ತಾನೆ. ಜನ ಎರಡಕ್ಕೂ ಚಪ್ಪಾಳೆ ಹೊಡೆಯುತ್ತಾರೆ.

ಬಾಯಾರು ಭಾವ
ಹಂದಿ ಮಾತಿಗೆ ಬೀಳುವುದಿಲ್ಲ ಮೇಷ್ಟ್ರೇ.

ಗುಡ್ಡೆಮನೆ
ನಾನೂ ಪಟ್ಟಿಯಲ್ಲಿ ಇರುವವನೇ, ಅಡೂರು ಕಡೆ. 64. ನನ್ನ ಪ್ರಶ್ನೆ ಬೇರೆ. 22 ಅಡಿ ಯಾಕೆ? ಹುಲಿಗೆ ಕೂತಿದ್ದೀರಾ?

ಹಂದಿಗೆ ಕಣ್ಣು ಮಂದ, ಮೂಗು ಚುರುಕು. ಎತ್ತರದಲ್ಲಿ ಕೂತರೆ ವಾಸನೆ ತಲೆಯ ಮೇಲಿಂದ ಹೋಗುತ್ತದೆ ಎನ್ನುವುದು ನಿಜ. ಆದರೆ ಗುಡ್ಡೆಯ ಬುಡದಲ್ಲಿ ರಾತ್ರಿಯಾದ ಮೇಲೆ ತಂಪು ಗಾಳಿ ಮೇಲಿಂದ ಕೆಳಕ್ಕೆ ಹರಿಯುತ್ತದೆ. ನಿಮ್ಮ ಮರ ಗುಡ್ಡೆಯ ಬದಿಗಿದೆ. 22 ಅಡಿಯಲ್ಲಿ ಕೂತರೂ ನಿಮ್ಮ ಬೀಡಿಯ ವಾಸನೆ ನೇರ ತೋಟಕ್ಕೆ. ಎತ್ತರ ಬಿಟ್ಟು ಬದಿ ಬದಲಿಸಿ. ತೋಟದ ಕೆಳಬದಿಯಲ್ಲಿ 8-10 ಅಡಿಯ ಅಟ್ಟ ಸಾಕು. ನಾನು ಆರು ವರ್ಷದಿಂದ 9 ಅಡಿಯಲ್ಲೇ ಕೂರುವುದು. ನಾಲ್ಕು ಕಂಬ, ಮೇಲೆ ಅಡಿಕೆ ಸಲಾಕೆ, ಅಗಲ ಮೆಟ್ಟಿಲಿನ ಏಣಿ. ಮರವೇ ಇಲ್ಲ!

ಹಲಸಿನಡಿ
ಬೀಡಿ ಬಿಟ್ಟು ಎಂಟು ವರ್ಷ ಆಯಿತು. ಮಾತು ಸರಿ ಉಂಟು. ಆದರೆ 9 ಅಡಿ ಎಂದರೆ ಅದು ಕಾಯುವುದಲ್ಲ, ಚಾವಡಿಯಲ್ಲಿ ಕೂತ ಹಾಗೆ.

ಗುಡ್ಡೆಮನೆ
ಚಾವಡಿಯಲ್ಲಿ ಕೂತು ಯಾರೂ ಕವೆಗೋಲಾಗುವುದಿಲ್ಲ.

ಬಾಯಾರು ಭಾವ
ಎತ್ತರದ ನಿಜವಾದ ಲಾಭ ಯಾರೂ ಹೇಳಲಿಲ್ಲ. ಮೇಲಿಂದ ಕೆಳಕ್ಕೆ ಹೊಡೆದರೆ ತಪ್ಪಿದ ಗುಂಡು ಮಣ್ಣಿಗೆ ಹೋಗುತ್ತದೆ. ನೆಲದಲ್ಲಿ ನಿಂತು ಅಡ್ಡಕ್ಕೆ ಹೊಡೆದರೆ ಅದು ಎಲ್ಲಿಗೆ ಹೋಗಿ ನಿಲ್ಲುತ್ತದೋ ದೇವರಿಗೇ ಗೊತ್ತು. ನಮ್ಮಲ್ಲಿ ತೋಟದ ಮಧ್ಯೆ ಮನೆಗಳು. 9 ಅಡಿಯಾದರೂ ಬೇಕು, ಅದರ ಕೆಳಗೆ ಬೇಡವೇ ಬೇಡ. ಹತ್ತಿರ ಬಂದ ಮೇಲೆಯೇ ಹೊಡೆಯಬೇಕು. ಏನೋ ಅಲುಗಿದ್ದು ನೋಡಿ ಹೊಡೆದರೆ ಅದು ಹಂದಿಯೋ, ನೆರೆಮನೆಯ ಕರುವೋ? ಪೂರ್ತಿ ಮೈ ಕಾಣಬೇಕು.

ಸೀತಾಂಗೋಳಿ
ನನಗೆ ಅರ್ಥವಾಗದ್ದು ಒಂದೇ. ಈ ಪ್ರಾಯದಲ್ಲಿ ರಾತ್ರಿ ಮರದಲ್ಲಿ ಕೂತು ಜೀವ ಯಾಕೆ ಪಣಕ್ಕೆ ಇಡಬೇಕು? ಸೋಲಾರ್ ಬೇಲಿ ಹಾಕಿ. ಹಂದಿಯೂ ಬದುಕುತ್ತದೆ, ನೀವೂ ಬದುಕುತ್ತೀರಿ. ಒಂದನ್ನು ಹೊಡೆದರೆ ನಾಳೆ ಇನ್ನೊಂದು ಹಿಂಡು ಬರುತ್ತದೆ.

ಗುಡ್ಡೆಮನೆ
ಹಾಕಿದ್ದೇನೆ. ಮಳೆಗಾಲದಲ್ಲಿ ಎರಡು ವಾರ ಹುಲ್ಲು ಸವರದಿದ್ದರೆ ತಂತಿಗೆ ತಾಗಿ ಶಾಕ್ ನೆಲಕ್ಕೆ ಇಳಿಯುತ್ತದೆ. ಹಂದಿ ಅದನ್ನು ನಮಗಿಂತ ಮೊದಲು ಕಂಡುಹಿಡಿಯುತ್ತದೆ. ಬೇಲಿ ಬೇಡ ಎನ್ನುವುದಿಲ್ಲ, ಬೇಲಿಯೊಂದೇ ಸಾಲದು.

ಸೀತಾಂಗೋಳಿ
ಕೆಳಗಿನ ತಂತಿ ನೆಲದಿಂದ ಎಷ್ಟು ಎತ್ತರಕ್ಕೆ ಹಾಕಿದ್ದೀರಿ? ಒಂದು ಅಡಿಗಿಂತ ಮೇಲಿದ್ದರೆ ಹಂದಿ ಮೂಗು ತೂರಿಸಿಯೇ ತೂರಿಸುತ್ತದೆ.

ಗುಡ್ಡೆಮನೆ
ಒಂದೂವರೆ. ಸರಿ, ನೋಡುತ್ತೇನೆ.

ಸುರಂಗದ ನೀರು
ಬೇಲಿ ವಿಷಯ ಬಂತು ಎಂದು ಹೇಳುವುದು. ಸೋಲಾರ್ ಬೇಲಿ ಕ್ಷಣಕ್ಷಣಕ್ಕೆ ಬಿಟ್ಟುಬಿಟ್ಟು ಬರುವ ಶಾಕ್. ಮನೆಯ ಲೈನಿನಿಂದ ನೇರ ತಂತಿ ಎಳೆಯುವುದು ಕೊಲೆಗೆ ಸಮ. ಹುಲ್ಲು ಕೊಯ್ಯಲು ಹೋದವರು ಹೋಗಿದ್ದಾರೆ. ಯಾರಿಗೂ ಆ ಬುದ್ಧಿ ಬಾರದಿರಲಿ.

ತೆಂಕಣ
ಅಷ್ಟೆಲ್ಲ ಯಾಕೆ, ಬಂಟ್ವಾಳ ತಾಲೂಕಿನ ಸಜೀಪಮೂಡದ ಕೃಷಿಕರು ಗಣಪತಿ ಭಟ್ಟರು ಮಾಡಿದ ಮರ ಹತ್ತುವ ಬೈಕ್ ಇದೆಯಲ್ಲ! 2019ರಲ್ಲಿ ಎಲ್ಲರ ಮೊಬೈಲಿಗೂ ವಿಡಿಯೊ ಬಂದಿತ್ತು. ಸೀಟಿನಲ್ಲಿ ಕೂತು ಬೆಲ್ಟ್ ಹಾಕಿ ಝುಂಯ್ ಎಂದು ಮೇಲೆ.

ಮುಟ್ಟಾಳೆ
ಒಳ್ಳೆಯ ಯಂತ್ರ. ಒಂದೇ ದಪ್ಪದ ನೇರ ಅಡಿಕೆ ಮರಕ್ಕೆ ಮಾಡಿದ್ದು. ಹಲಸಿನ ಬುಡವನ್ನು ಅದು ಎಲ್ಲಿಂದ ಹಿಡಿಯುವುದು? ತೆಂಗಿಗೆ ಚೆಂಬೇರಿ ಜೋಸೆಫ್ ಮಾದರಿಯ ಪೆಡಲ್ ಯಂತ್ರ ಉಂಟು. ಎರಡು ಕಾಲು ಎರಡು ಪೆಡಲಿಗೆ, ಒಂದಾದ ಮೇಲೆ ಒಂದು ಎತ್ತುತ್ತ ಹೋಗುವುದು. ಅದೂ ಕವಲು ಇಲ್ಲದ ಮರಕ್ಕೇ.

ಬಾಯಾರು ಭಾವ
ಬೈಕಿನಲ್ಲಿ ಹತ್ತಿದರೆ ಆ ಶಬ್ದಕ್ಕೆ ಹಂದಿ ಗಡಿ ದಾಟಿ ಕರ್ನಾಟಕಕ್ಕೆ ಹೋಗಿರುತ್ತದೆ. ಅಲ್ಲಿಗೆ ನಮ್ಮ ಪಂಚಾಯತಿನ ಕಾಗದ ನಡೆಯುವುದಿಲ್ಲ.

ಹಲಸಿನಡಿ
ಹಹ್ಹ. ಅದೂ ಒಂದು ಪರಿಹಾರವೇ.

ಎಲುಬು ಮಾಂಸ
ನಾನು ಫಿಸಿಯೊಥೆರಪಿ ಕೆಲಸದವನು, ಮಂಗಳೂರಿನಲ್ಲಿ. ಊರು ಮಧೂರಿನ ಹತ್ತಿರ. ನಮ್ಮಲ್ಲಿಗೆ ಮರದಿಂದ ಬಿದ್ದವರು ಬರುತ್ತಲೇ ಇರುತ್ತಾರೆ, ಅಡಿಕೆ ಕೊಯ್ಲಿನ ಸಮಯದಲ್ಲಿ ಜಾಸ್ತಿ.

ಹಲಸಿನಡಿಯವರಿಗೆ ಮೂರು ಪ್ರಶ್ನೆ. ಬಿಪಿ ಮಾತ್ರೆ ತೆಗೆದುಕೊಳ್ಳುತ್ತೀರಾ? ಮೂತ್ರದ ತೊಂದರೆಗೆ ಮಾತ್ರೆ? ಈ ಎರಡರಲ್ಲೂ ಕೆಲವು ಮಾತ್ರೆಗಳು, ಬಹಳ ಹೊತ್ತು ಕೂತು ಥಟ್ಟನೆ ಎದ್ದರೆ ತಲೆ ತಿರುಗಿಸುತ್ತವೆ. ನೆಲದಲ್ಲಿ ಅದು ಎರಡು ಕ್ಷಣದ ಮಾತು. ಅಟ್ಟದಲ್ಲಿ ನಾಲ್ಕು ಗಂಟೆ ಕೂತು ಇಳಿಯಲು ಎದ್ದಾಗ ಅದೇ ಎರಡು ಕ್ಷಣ ಸಾಕು. ಏಳುವ ಮೊದಲು ಕೂತಲ್ಲೇ ಪಾದ ಮೇಲೆ ಕೆಳಗೆ ಆಡಿಸಿ, ಹಿಮ್ಮಡಿ ಒತ್ತಿ, ಆಮೇಲೆ ಕೊಂಬೆ ಹಿಡಿದು ಏಳಿ, ನಿಂತು ಕಾಯಿರಿ. ರಕ್ತ ತೆಳುವಾಗಲು ಮಾತ್ರೆ ನುಂಗುವವರು ಮರಕ್ಕೇ ಹೋಗಬೇಡಿ. ತಲೆಗೆ ಸಣ್ಣ ಪೆಟ್ಟಾದರೂ ಒಳಗೆ ರಕ್ತ ಸೋರುತ್ತಲೇ ಇರಬಹುದು.

ಮೂರನೆಯದು, ಬಿದ್ದ ಕನ್ನಡಕ ಎಂಥದ್ದು?

ಹಲಸಿನಡಿ
ಬಿಪಿಗೆ ಬೆಳಿಗ್ಗೆ ಒಂದು ಮಾತ್ರೆ. ಇನ್ನೊಂದು ವಿಷಯ ಇಲ್ಲಿ ಬರೆಯುವುದಿಲ್ಲ, ಆದರೆ ಹೌದು. ಕನ್ನಡಕ ದೂರ ಹತ್ತಿರ ಎರಡೂ ಒಂದರಲ್ಲೇ ಇರುವಂಥದ್ದು.

ಎಲುಬು ಮಾಂಸ
ಅಲ್ಲಿಗೆ ಅರ್ಧ ಕತೆ ಗೊತ್ತಾಯಿತು. ಆ ಕನ್ನಡಕದ ಕೆಳಗಿನ ಭಾಗ ಓದುವುದಕ್ಕೆ. ಕಾಲಿನ ಕಡೆ ನೋಡಿದರೆ ನೀವು ಓದುವ ಗಾಜಿನಿಂದ 5 ಅಡಿ ಕೆಳಗೆ ನೋಡುತ್ತಿದ್ದೀರಿ. ಮೆಟ್ಟಿಲು ಮಸುಕು, ಅಂತರ ತಪ್ಪು. ಪ್ರಾಯವಾದವರು ಮನೆಯ ಮೆಟ್ಟಿಲಲ್ಲೇ ಹೀಗೆ ಬೀಳುತ್ತಾರೆ. ಮರಕ್ಕೆ ದೂರದ ನಂಬರಿನದ್ದು ಮಾತ್ರ ಇರುವ ಬೇರೆ ಕನ್ನಡಕ ಮಾಡಿಸಿ, ಹಿಂದೆ ದಾರ ಕಟ್ಟಿ.

ಮುಟ್ಟಾಳೆ
ಅಯ್ಯೋ! ನನ್ನದೂ ಅದೇ ಕನ್ನಡಕ. ಎರಡು ವರ್ಷದಿಂದ ಇಳಿಯುವಾಗ ನೆಲ ಸಿಗುವ ಮೊದಲೇ ಸಿಕ್ಕಿತೆಂದು ಕಾಲು ಬಿಡುತ್ತಿದ್ದೆ. ಪ್ರಾಯ ಎಂದುಕೊಂಡಿದ್ದೆ.

ದೂರದ ಮಗ
ನಾನು ಅಮೆರಿಕದಲ್ಲಿದ್ದೇನೆ. ಮೂಲ ಪೈವಳಿಕೆ. ಇಲ್ಲಿ ನನ್ನ ಜೊತೆ ಕೆಲಸ ಮಾಡುವವರು ಜಿಂಕೆ ಬೇಟೆಗೆ ಮರದಲ್ಲಿ ಕೂರುತ್ತಾರೆ. ಅದು ಇಲ್ಲಿ ಋತುವಿಗೆ ಪರವಾನಗಿ ಪಡೆದು ಮಾಡುವ ಕೆಲಸ, ನಮ್ಮ 1972ರ ವನ್ಯಜೀವಿ ಕಾಯ್ದೆಯ ಲೆಕ್ಕ ಇಲ್ಲಿಲ್ಲ. ಅವರಲ್ಲೂ 60 ದಾಟಿದವರೇ ಜಾಸ್ತಿ. ಹಾಗಾಗಿ ಇದೇ ಮಾತು ಇಲ್ಲೂ ಯಾವಾಗಲೂ ನಡೆಯುತ್ತದೆ.

ಪ್ರಾಯದಲ್ಲಿ ಅವರು ಮರವನ್ನು ಕಚ್ಚಿ ಹಿಡಿಯುವ ಎರಡು ತುಂಡಿನ ಅಟ್ಟ ಉಪಯೋಗಿಸುತ್ತಾರೆ. ಮೇಲಿನದ್ದಕ್ಕೆ ಕೈ ಊರಿ, ಕೆಳಗಿನದ್ದನ್ನು ಕಾಲಿನಿಂದ ಎಳೆದುಕೊಂಡು ಹತ್ತುವುದು. ನಮ್ಮ ತೆಂಗಿನ ಯಂತ್ರದ ತಮ್ಮ ಎನ್ನಬಹುದು. ಹೆಗಲು, ಮೊಣಕಾಲು ಸೋತ ಮೇಲೆ ಮರಕ್ಕೆ ಬಿಗಿಯುವ ಮೆಟ್ಟಿಲು ಕಡ್ಡಿಗಳಿಗೆ ಬರುತ್ತಾರೆ. ಆಮೇಲೆ ಕೂರುವ ಜಾಗವೂ ಸೇರಿಯೇ ಬರುವ ಏಣಿ. ಕೊನೆಗೆ ನೆಲದ ಗೂಡು. ಕೆಲವರು ಮಾತ್ರ ಉಲ್ಟಾ, 60ರ ಮೇಲೆ ಹಗ್ಗ ಕಲಿಯುತ್ತಾರೆ. ಹಗ್ಗದಲ್ಲಿ ಸೊಂಟದ ಪಟ್ಟಿಗೆ ಕೂತು, ಹಿಡಿಕೆ ಮೇಲೆ ಸರಿಸಿ, ಕಾಲಿನ ಕುಣಿಕೆಯಲ್ಲಿ ಎದ್ದು ನಿಲ್ಲುವುದು. ಕುರ್ಚಿಯಿಂದ ಏಳುವಷ್ಟೇ ಬಲ ಸಾಕು ಎನ್ನುತ್ತಾರೆ, ಆದರೆ ಗುರು ಇಲ್ಲದೆ ಕಲಿಯುವಂಥದ್ದಲ್ಲ.

ನಿಮಗೆ ಬೇಕಾದದ್ದು ಬೇರೆ. ಬೀಳುವುದು ಜಾಸ್ತಿ ಹತ್ತುವಾಗ, ಇಳಿಯುವಾಗ, ಏಣಿಯಿಂದ ಅಟ್ಟಕ್ಕೆ ಕಾಲಿಡುವಾಗ. ಎಲ್ಲರೂ ಬೆಲ್ಟ್ ಹಾಕುವುದು ಮೇಲೆ ಕೂತ ಮೇಲೆ! ಆದ್ದರಿಂದ ಇವರು ಒಂದು ದಪ್ಪ ಹಗ್ಗವನ್ನು ಅಟ್ಟದಿಂದ ಮೇಲೆ ಗಟ್ಟಿ ಕೊಂಬೆಗೆ ಕಟ್ಟಿ ಬುಡದವರೆಗೆ ಇಳಿಬಿಡುತ್ತಾರೆ. ಅದಕ್ಕೆ ಸಪುರ ಹಗ್ಗದ ಕುಣಿಕೆಯನ್ನು ಮೂರು ಸುತ್ತು ಸುತ್ತಿ ಗಂಟು. ಕೈಯಲ್ಲಿ ತಳ್ಳಿದರೆ ಜಾರುತ್ತದೆ, ಭಾರ ಬಿದ್ದರೆ ಕಚ್ಚುತ್ತದೆ. ನೆಲದಲ್ಲೇ ಮೈಗೆ ಸಿಕ್ಕಿಸಿಕೊಳ್ಳುವುದು, ಮತ್ತೆ ನೆಲಕ್ಕೆ ಬಂದ ಮೇಲೆಯೇ ಬಿಚ್ಚುವುದು. ದಪ್ಪ ಹಗ್ಗ 11-12 ಮಿಲಿಮೀಟರ್, ಕುಣಿಕೆ 6-7. ಬಾವಿಯ ಪ್ಲಾಸ್ಟಿಕ್ ಹಗ್ಗ ಖಂಡಿತ ಬೇಡ, ಜಾರುತ್ತದೆ.

ಮೇಲೆ ಕೂತಾಗ ಪಟ್ಟಿ ಸಡಿಲ ಇರಬಾರದು. ಸಡಿಲ ಇದ್ದಷ್ಟು ದೂರ ಬೀಳುತ್ತೀರಿ.

ಗುಡ್ಡೆಮನೆ
ಸೊಂಟಕ್ಕೆ ಒಂದು ಬೆಲ್ಟ್ ಸಾಲದೇ? ಕರೆಂಟಿನ ಕಂಬ ಹತ್ತುವವರು ಅದನ್ನೇ ಹಾಕುತ್ತಾರಲ್ಲ.

ದೂರದ ಮಗ
ಅದು ಕಂಬಕ್ಕೆ ಒರಗಿ ನಿಂತು ಎರಡು ಕೈಯೂ ಬಿಟ್ಟು ಕೆಲಸ ಮಾಡಲು. ಬಿದ್ದಾಗ ತಡೆಯಲು ಅಲ್ಲ. ಸೊಂಟದ ಬೆಲ್ಟಿನಲ್ಲಿ ಬಿದ್ದರೆ ಮಡಚಿದ ಹಾಗೆ ನೇತಾಡುತ್ತೀರಿ, ಇಲ್ಲವೇ ಜಾರಿ ಎದೆಗೆ ಬಂದು ಉಸಿರು ಕಟ್ಟುತ್ತದೆ. ತೊಡೆ, ಹೆಗಲು, ಎದೆ ಎಲ್ಲ ಹಿಡಿಯುವ ಪೂರ್ತಿ ಮೈಯ ಪಟ್ಟಿ ಬೇಕು. ಕಟ್ಟಡ ಕೆಲಸದವರು ಹಾಕುವುದು ಊರಿನ ಕಡೆ ಅಂಗಡಿಯಲ್ಲೇ ಸಿಗುತ್ತದೆ. ಹೊರಗೆ ಬಿಸಿಲಿನಲ್ಲಿ ನೇತುಹಾಕಬೇಡಿ, ದಾರ ಹಾಳಾಗುತ್ತದೆ.

ಎಲುಬು ಮಾಂಸ
ಇದಕ್ಕೆ ಒಂದು ಮಾತು ಸೇರಿಸಬೇಕು. ಪಟ್ಟಿಯಲ್ಲಿ ಅಲುಗಾಡದೆ ನೇತಾಡಿದರೆ ರಕ್ತ ಕಾಲಿನಲ್ಲೇ ನಿಂತು ಕೆಲವೇ ನಿಮಿಷದಲ್ಲಿ ಪ್ರಜ್ಞೆ ತಪ್ಪಬಹುದು. ಕಿಸೆಯಲ್ಲಿ ಒಂದು ಹಗ್ಗದ ಕುಣಿಕೆ ಇಟ್ಟುಕೊಳ್ಳಿ. ಬಿದ್ದರೆ ಅದಕ್ಕೆ ಕಾಲು ಹಾಕಿ ಎದ್ದು ನಿಲ್ಲಬೇಕು, ಕಾಲು ಆಡಿಸುತ್ತಿರಬೇಕು. ಬೆಳಿಗ್ಗೆವರೆಗೆ ಕಾಯುವ ಕೆಲಸ ಅಲ್ಲಿ ನಡೆಯುವುದಿಲ್ಲ.

ಅಗಲ್ಪಾಡಿ ಅಕ್ಕ
ನಾನು ಯಾವತ್ತೂ ಬರೆಯುವವಳಲ್ಲ, ಸುಮ್ನೆ ಓದುವವಳು. ಇವತ್ತು ಬರೆಯಬೇಕು ಅನಿಸಿತು.

ನಮ್ಮವರಿಗೆ ಆಗ 61. ಅಡಿಕೆ ಮರದ ತುದಿ ಎಲ್ಲ ನೋಡಿದವರು. ಬಿದ್ದದ್ದು 10 ಅಡಿ ಏಣಿಯಿಂದ, ಕಾಳುಮೆಣಸು ಕೊಯ್ಯಲು ಹೋಗಿ. ನಿಂತ ಹಾಗೇ ನೆಲಕ್ಕೆ ಬಂದರು. ಎರಡು ಹಿಮ್ಮಡಿಯ ಎಲುಬೂ ಪುಡಿ. ಮೊಬೈಲು ಎಲ್ಲಿ ಎಂದರೆ, ಬೆವರಿಗೆ ಒದ್ದೆಯಾಗುತ್ತದೆ ಎಂದು ಚೀಲದಲ್ಲಿಟ್ಟು ಮಾವಿನ ಕೊಂಬೆಗೆ ನೇತುಹಾಕಿದ್ದರು. ಕಣ್ಣೆದುರಿಗೇ ಅದು ರಿಂಗಾಗುತ್ತಿತ್ತಂತೆ. ಮಾಡುತ್ತಿದ್ದವಳು ನಾನೇ, ಊಟಕ್ಕೆ ಕರೆಯಲು. ಮೂರು ಸಲ ಮಾಡಿ, ಸೊಕ್ಕು ಎಂದು ಸಿಟ್ಟಿನಲ್ಲಿ ನಾನು ಊಟ ಮಾಡಿದೆ. ಆ ಊಟ ಇವತ್ತಿಗೂ ಗಂಟಲಲ್ಲಿ ಉಂಟು.

ಆಮೇಲೆ ಗೊತ್ತಾಯಿತು, ಅದಕ್ಕೆ ಮೊದಲು ಎರಡು ಸಲ ಜಾರಿದ್ದರು, ಹೇಳಿರಲಿಲ್ಲ. ನೀವು ಬೆಳಿಗ್ಗೆ 'ಹಂದಿ ನೋಡುತ್ತಿದ್ದೆ' ಎಂದಿರಲ್ಲ ಅಣ್ಣ, ಅದನ್ನು ಓದಿಯೇ ನನಗೆ ಇದು ಬರೆಯಬೇಕಾಯಿತು. ಮನೆಯಲ್ಲಿ ಹೇಳಿ. ಮೊಬೈಲು ಅಂಗಿಯ ಕಿಸೆಯಲ್ಲಿ, ಗುಂಡಿ ಹಾಕಿ ಇಡಿ. ಎಷ್ಟು ಗಂಟೆಗೆ ವಾಪಸ್ ಎಂದು ಹೇಳಿ ಹೋಗಿ. ಹಗ್ಗ, ಗಂಟು ಎಲ್ಲ ಆಮೇಲೆ.

ಹಲಸಿನಡಿ
ಅಕ್ಕಾ, ಇವತ್ತೇ ಹೇಳುತ್ತೇನೆ.

ಮುಟ್ಟಾಳೆ
ಹಿಮ್ಮಡಿ ಒಡೆದವರು ನಮ್ಮ ಕೆಲಸದಲ್ಲಿ ಸುಮಾರು ಜನ. ಆಮೇಲೆ ತಳೆ ಹಾಕಲು ಆಗುವುದೇ ಇಲ್ಲ. ತೆಂಗು ಹತ್ತುವವರಿಗೆ ತೆಂಗು ಅಭಿವೃದ್ಧಿ ಮಂಡಳಿಯ 'ಕೇರ ಸುರಕ್ಷಾ' ಎಂಬ ಅಪಘಾತ ವಿಮೆ ಉಂಟು. ಕೆಲಸ ಮಾಡುವವರು ಕೃಷಿ ಭವನದಲ್ಲಿ ವಿಚಾರಿಸಿ. ಸ್ವಂತ ತೋಟದಲ್ಲಿ ಹತ್ತುವ ಧಣಿಗಳನ್ನು ಯಾರು ಕೇಳುತ್ತಾರೋ!

ತಾಳವಾಡಿ ತಮ್ಮ
ನಾನು ತಮಿಳುನಾಡಿನ ತಾಳವಾಡಿಯವನು. ಈರೋಡ್ ಜಿಲ್ಲೆ, ಆದರೆ ಮನೆಮಾತು ಕನ್ನಡ. ನಮ್ಮ ಸುತ್ತ ಸತ್ಯಮಂಗಲ ಹುಲಿ ಮೀಸಲು. ಇಲ್ಲಿ ಕೋವಿಯ ಮಾತೇ ಇಲ್ಲ. ರಾಗಿ, ಜೋಳ, ಬಾಳೆಗೆ ಕಾವಲು ಅಂದ್ರೆ ಮರದ ಮೇಲೆ ಪರಣು ಕಟ್ಟಿ ಟಾರ್ಚ್, ತಗಡು ಹಿಡಿದು ಕೂರೋದು. ಎತ್ತರ ಬೇಕೇ ಬೇಕು, ಯಾಕಂದ್ರೆ ಬರೋದು ಆನೆ. 9 ಅಡಿ ಅಟ್ಟದಲ್ಲಿ ಕೂತ್ರೆ ಸೊಂಡಿಲಿಗೆ ಸಲೀಸು.

ನಮ್ಮ ತಾತನ ಲೆಕ್ಕ ಹೀಗಿತ್ತು. ಹರೆಯದ ಹುಡುಗರು ಮೇಲೆ, ವಯಸ್ಸಾದವರು ಕೆಳಗೆ ಮನೆಯ ಬಾಗಿಲಲ್ಲಿ ಬೆಂಕಿ ಹಾಕ್ಕೊಂಡು. ಮುದುಕರಿಗೆ ನಿದ್ದೆ ಬರಲ್ಲ, ಕಿವಿ ಚುರುಕು, ಅವರೇ ಮೊದಲು ಕೂಗೋದು. ಹುಡುಗ್ರು ಮೇಲೆ ಗೊರಕೆ ಹೊಡೀತಿರ್ತಾರೆ. ಈಗ ಹುಡುಗರು ತಿರುಪ್ಪೂರಲ್ಲಿ ಕೆಲಸಕ್ಕೆ. ಪರಣಿನ ಮೇಲೆ ಮುದುಕರೇ.

ಕುಂಬಳೆ ಮೇಷ್ಟ್ರು
ಪರಣು! ಒಳ್ಳೆಯ ಶಬ್ದ. ನಮ್ಮ ಮಲಯಾಳದವರು ಏರುಮಾಡ ಎನ್ನುತ್ತಾರೆ. ಕನ್ನಡದಲ್ಲಿ ಮಂಚಿಕೆ ಎಂದೂ ಇದೆ. ತಳೆಗೂ ಮಲಯಾಳದಲ್ಲಿ ತಳಪ್ಪು. ಕಾಲಿಗೆ ಹಾಕುವ ಕಡಗಕ್ಕೂ ತಳೆ ಎಂಬ ಹಳೆಯ ಬಳಕೆ ಇದೆ. ಹತ್ತುವವನ ಆಭರಣ ಎನ್ನೋಣ.

ಬಾಯಾರು ಭಾವ
ಮೇಷ್ಟ್ರೇ, ನಿಮ್ಮನ್ನು ಒಮ್ಮೆ ಅಟ್ಟದಲ್ಲಿ ಕೂರಿಸಬೇಕು.

ಕುಂಬಳೆ ಮೇಷ್ಟ್ರು
ನಾನು ಮಾತಾಡದೆ ಕೂರುವುದಿಲ್ಲ ಎಂದು ಗೊತ್ತಿದ್ದೇ ಕರೆಯುತ್ತಿದ್ದೀರಿ.

ತೆಂಕಣ
ಹಾಗಾದರೆ ಏಣಿಯೇ ಸರಿ. ಅಲ್ಯೂಮಿನಿಯಂ ಏಣಿ ಹಗುರ, ಒಬ್ಬರೇ ಹೊರಬಹುದು. ಕರೆಂಟಿನ ಲೈನ್ ಹತ್ತಿರ ಇದ್ದರೆ ಫೈಬರಿನದ್ದು ತಗೊಳ್ಳಿ, ಶಾಕ್ ಹೊಡೆಯುವುದಿಲ್ಲ. ದೋಟಿಯೂ ಹಾಗೇ.

ಸುರಂಗದ ನೀರು
ತಪ್ಪು! ದಯವಿಟ್ಟು ಇದನ್ನು ಎಲ್ಲರೂ ಓದಿ. ಫೈಬರ್ ಎಂದರೆ ಎಲ್ಲ ಒಂದೇ ಅಲ್ಲ. ಗ್ಲಾಸ್ ಫೈಬರಿನಲ್ಲಿ ಕರೆಂಟು ಹರಿಯುವುದಿಲ್ಲ, ಅದೂ ಒಣಗಿದ್ದರೆ. ಕಾರ್ಬನ್ ಫೈಬರಿನಲ್ಲಿ ಹರಿಯುತ್ತದೆ. ಅಡಿಕೆಗೆ ಈಗ ಬರುವ ಹಗುರದ ಕಪ್ಪು ದೋಟಿಗಳು ಕಾರ್ಬನ್. 60 ಅಡಿ ದೋಟಿ ಲೈನಿಗೆ ತಾಗಿದರೆ ಅಲ್ಯೂಮಿನಿಯಮ್ಮಿಗೂ ಅದಕ್ಕೂ ವ್ಯತ್ಯಾಸ ಇಲ್ಲ.

ತೆಂಕಣ
ಇದು ಗೊತ್ತಿರಲಿಲ್ಲ. ನಮ್ಮ ತೋಟದ ಮೇಲೆಯೇ ಲೈನ್ ಹೋಗುತ್ತದೆ. ಮಾರಿದವನು ಶಾಕ್ ಪ್ರೂಫ್ ಎಂದೇ ಕೊಟ್ಟಿದ್ದ.

ಮುಟ್ಟಾಳೆ
ಏಣಿಯದ್ದೂ ಒಂದು ಲೆಕ್ಕ ಉಂಟು. 4 ಅಡಿ ಎತ್ತರಕ್ಕೆ 1 ಅಡಿ ಬುಡ ಹೊರಗೆ. 12 ಅಡಿಗೆ 3 ಅಡಿ. ನಮ್ಮವರು ಮರಕ್ಕೆ ಅಂಟಿಸಿ ನೆಟ್ಟಗೆ ಇಡುತ್ತಾರೆ, ಹಿಂದಕ್ಕೆ ಬರುತ್ತದೆ. ಮೇಲಿನ ತುದಿ ಮರಕ್ಕೆ ಕಟ್ಟಿ. ಮೆಣಸು ಕೊಯ್ಯುವ ಒಂಟಿ ಬಿದಿರಿನ ಏಣಿ ಇದೆಯಲ್ಲ, ಗಿಣ್ಣಿನ ಕವಲು ಗೇಣುದ್ದ ಬಿಟ್ಟು ಕತ್ತರಿಸಿದ್ದು, ಅದು ಪ್ರಾಯ ಆದವರಿಗೆ ಬೇಡ. ಹೆಬ್ಬೆರಳಿಗೆ ಮಾತ್ರ ಜಾಗ, ಕಟ್ಟದಿದ್ದರೆ ಬಿದಿರು ಸುತ್ತುತ್ತದೆ.

ಮರ ಆರಿಸುವಾಗ ಗೇರು, ನುಗ್ಗೆ ಬೇಡ. ಕೊಂಬೆ ಹೇಳದೆ ಕೇಳದೆ ಮುರಿಯುತ್ತದೆ. ಮಾವಿನಲ್ಲಿ ಚಗಳಿ ಇರುವೆ ಗೂಡು ಉಂಟೋ ಎಂದು ಹಗಲಿನಲ್ಲೇ ನೋಡಿ. ಕತ್ತಲಲ್ಲಿ ಅದರ ಗೂಡಿಗೆ ಕೈ ಹಾಕಿದರೆ ಯಾವ ಹಗ್ಗವೂ ನೆನಪಿಗೆ ಬರುವುದಿಲ್ಲ.

ಗುಡ್ಡೆಮನೆ
ಇಷ್ಟೆಲ್ಲ ಮಾಡಿ ಕೂತರೆ ಚುನಾವಣೆ ಬರುತ್ತದೆ. ಕೋವಿ ಠಾಣೆಗೆ. ಹಂದಿಗೆ ಅದೂ ಗೊತ್ತಾಗುತ್ತದೋ ಏನೋ, ಆ ತಿಂಗಳೇ ಹೆಚ್ಚು ಬರುವುದು.

ಸೀತಾಂಗೋಳಿ
ಹೊಡೆದ ಮೇಲೆ ಏನು ಮಾಡುತ್ತೀರಿ ಎಂದು ಯಾರೂ ಬರೆಯಲಿಲ್ಲ. ಹೂಳಬೇಕಲ್ಲ?

ಗುಡ್ಡೆಮನೆ
ಹೌದು. ಪಂಚಾಯತಿಗೆ ತಿಳಿಸಿ, ಬರೆಸಿ, ಗುಂಡಿ ತೋಡಿ ಹೂಳುವುದು. 64ರಲ್ಲಿ ಮರ ಹತ್ತುವುದಕ್ಕಿಂತ 80 ಕಿಲೋ ಹಂದಿಗೆ ಗುಂಡಿ ತೋಡುವುದು ಕಷ್ಟ. ಸೊಂಟಕ್ಕೆ ಅದೇ ಶತ್ರು.

ಹಲಸಿನಡಿ
ಎಲ್ಲರಿಗೂ ವರದಿ ಒಪ್ಪಿಸುತ್ತೇನೆ. ಮೂರು ವಾರ ಆಯಿತು.

ಹಲಸಿನ ಹಲಗೆ ಇಳಿಸಿದೆ. ಇಳಿಸಲು ಮುಟ್ಟಾಳೆಯವರೇ ಬಂದಿದ್ದರು, ದುಡ್ಡು ತೆಗೆದುಕೊಳ್ಳಲಿಲ್ಲ. ಹಲಗೆ ಕಟ್ಟಿದ್ದ ಹಗ್ಗ ನೋಡಿ ಅವರು ಏನೂ ಹೇಳಲಿಲ್ಲ, ನನ್ನ ಕೈಗೆ ಕೊಟ್ಟರು. ಎರಡು ಬೆರಳಲ್ಲಿ ಎಳೆದರೆ ಹರಿಯಿತು. ನಾನು ವರ್ಷಗಟ್ಟಲೆ ಮೊಣಕಾಲು ನೋಡಿಕೊಂಡೆ, ಹಗ್ಗ ನೋಡಲಿಲ್ಲ.

ತೋಟದ ಕೆಳಬದಿಯಲ್ಲಿ ಮಾವಿನ ಮರಕ್ಕೆ ಒರಗಿಸಿ 11 ಅಡಿಯ ಅಟ್ಟ ಮಾಡಿದೆವು. 9 ಅಲ್ಲ, 11. ಗುಡ್ಡೆಮನೆಯವರಿಗೆ ಪೂರ್ತಿ ಸೋಲಲು ಮನಸ್ಸಾಗಲಿಲ್ಲ. ಅಗಲ ಮೆಟ್ಟಿಲು, ಏಣಿಯ ತುದಿ ಅಟ್ಟಕ್ಕಿಂತ ಮೂರು ಅಡಿ ಮೇಲೆ ಬರುವ ಹಾಗೆ, ದಾಟುವಾಗ ಹಿಡಿಯಲು. ಮೇಲಿಂದ ಹಗ್ಗ, ಮೂರು ಸುತ್ತಿನ ಗಂಟು, ಮೈಗೆ ಪಟ್ಟಿ. ಮೊದಲ ದಿನ ಪಟ್ಟಿ ಹಾಕಿಕೊಳ್ಳಲು ಅರ್ಧ ಗಂಟೆ ಬೇಕಾಯಿತು. ಹೆಂಡತಿ ಟಾರ್ಚ್ ಹಿಡಿದು ನಿಂತು, ತೊಟ್ಟಿಲಿಗೆ ಮಗು ಹಾಕಿದ ಹಾಗೆ ಉಂಟು ಎಂದಳು. ಎಲ್ಲ ಹೇಳಿದ್ದೇನೆ ಅಕ್ಕಾ, ಬೆಳಿಗ್ಗೆವರೆಗೆ ಕೂತದ್ದನ್ನೂ. ಎರಡು ದಿನ ಮಾತಾಡಲಿಲ್ಲ. ಈಗ 11 ಗಂಟೆಗೆ ಸರಿಯಾಗಿ ಫೋನ್ ಮಾಡುತ್ತಾಳೆ.

ನಿನ್ನೆ ರಾತ್ರಿ ಹಂದಿ ಬಂತು. ಒಂದು ದೊಡ್ಡದು, ಬಾಳೆಯ ಸಾಲಿನ ಆಚೆ. ಮೈ ಪೂರ್ತಿ ಕಾಣಲಿ ಎಂದು ಕಾದೆ. ಕಂಡಿತು. ಆಗಲೇ ಕಿಸೆಯಲ್ಲಿ ಫೋನ್ ರಿಂಗಾಯಿತು.

ಬಾಯಾರು ಭಾವ
ಹಹ್ಹಹ್ಹ! ವೈಬ್ರೇಷನ್‌ನಲ್ಲಿ ಇಡುವುದಲ್ವಾ ಮಾರಾಯ್ರೆ!

ಅಗಲ್ಪಾಡಿ ಅಕ್ಕ
ನೀವು ಫೋನ್ ತೆಗೆದಿರೋ ಇಲ್ಲವೋ, ಅದು ಹೇಳಿ.

ಹಲಸಿನಡಿ
ತೆಗೆದೆ.

ಮುಟ್ಟಾಳೆ
ಆ ಹಳೆಯ ತಳೆ ನಿಮ್ಮ ಕೊಟ್ಟಿಗೆಯ ಮೊಳೆಯಲ್ಲಿ ನೇತಾಡುತ್ತಿತ್ತು. ಬೇಡವಾದರೆ ನನಗೆ ಕೊಡಿ. ಅಂಥ ನಾರು ಈಗ ಯಾರೂ ಹೊಸೆಯುವುದಿಲ್ಲ.

ಹಲಸಿನಡಿ
ಬೇಕು. ಅದು ಅಲ್ಲೇ ಇರಲಿ.